ಕ್ರಮಾಂಕ ನಲವತ್ತಮೂರರ ವಿದಾಯಕೂಟ ಇನ್ನೂ ಮುಗಿದಿಲ್ಲದಿರುವ ಬಗ್ಗೆ

ಇಂದ,
ಪಿಯುಸ್ ಮಥಾಯಸ್,
ಡಾಕ್ಯುಮೆಂಟ್ ಕಂಟ್ರೋಲರ್ ಹಾಗೂ ಕಾರ್ಯದರ್ಶಿ, ಮನರಂಜನಾ ಸಮಿತಿ
(ಸಮಿತಿಯ ಉಳಿದ ನಾಲ್ವರು ಸದಸ್ಯರು ಈಗಾಗಲೇ ಊರು ಸೇರಿದ್ದಾರೆ),
ವರ್ಕ್‌ಶಾಪ್ ಕಚೇರಿ, ವಾದಿ ಕಬೀರ್, ಮಸ್ಕತ್.
(ಕಂಪೆನಿಯ ಹೆಸರು ಲೆಟರ್‌ಹೆಡ್ಡಿನಲ್ಲಿರುತ್ತದೆ. ವೆಚ್ಚ ಕಡಿತದ ಸುತ್ತೋಲೆಯ ಪ್ರಕಾರ ಲೆಟರ್‌ಹೆಡ್ ಬಳಸುವಂತಿಲ್ಲ.)

ಗೆ,
ಶ್ರೀ ಉಮ್ಮರ್ ಅವರು,
ಸಹಾಯಕ ಆಡಳಿತಾಧಿಕಾರಿ, ಎಚ್.ಆರ್. ವಿಭಾಗ,
ಇದೇ ಕಟ್ಟಡ, ಒಂದನೇ ಮಹಡಿ.

ದಿನಾಂಕ: 17 ಜನವರಿ 2016, ಭಾನುವಾರ

ವಿಷಯ: ಹಿರಿಯ ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಶ್ರೀ ಬಾಲಸುಬ್ರಹ್ಮಣ್ಯ ಇವರ ವಿದಾಯಕೂಟವು ನಿಯಮಾನುಸಾರ ಮುಗಿದಿಲ್ಲದ ಕಾರಣ, ಸದರಿಯವರು ಕೆಲಸದಿಂದ ಹೋಗಿರುವುದಿಲ್ಲವೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: 1. "ಸುಳ್ಳು ಅಪಾಯದ ಕೂಗು ಎಬ್ಬಿಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು" ಎಂದು ಕೇಳಿ ನನಗೆ ಬಂದಿರುವ ಮೆಮೋ, ದಿ. 14 ಜನವರಿ.
2. ನಿನ್ನೆ ತಾವು ಫೋನಿನಲ್ಲಿ "ಎಂತ ಪಿಯುಸಣ್ಣ, ನನ್ನ ಕೆಲಸ ತೆಗೀಲಿಕ್ಕೆ ಹೊರಟದ್ದಾ ನೀವು?" ಎಂದು ಕೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಈ ಅರ್ಜಿಯನ್ನು ಕನ್ನಡದಲ್ಲಿ ಬರೆದಿರುವುದಕ್ಕೆ ಮೂರು ಕಾರಣಗಳಿವೆ. ತಾವು ಬಂಟ್ವಾಳದವರು, ನಾನು ಶಿರ್ವದವನು, ಇದು ಒಂದು. ನನಗೆ ಸಿಟ್ಟು ಬಂದಿದೆ, ಇದು ಎರಡು. ಇಂಗ್ಲಿಷಿನಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ, ಪ್ರತಿ ಸಾಲಿಗೂ 'ಕೈಂಡ್ಲಿ' ಎಂಬ ಶಬ್ದ ಅಡ್ಡ ಬರುತ್ತದೆ. ಮೂರನೆಯದಾಗಿ, ಈ ಕಟ್ಟಡದಲ್ಲಿ ತಮಗಿಂತ ಮೇಲಿನವರು ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಈ ಮೂರನೆಯ ಕಾರಣವನ್ನು ತಾವು ಅರ್ಜಿಯ ಕೊನೆಯವರೆಗೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿ ಕೋರುತ್ತೇನೆ.

2. ಸುತ್ತಿ ಬಳಸಿ ಹೇಳುವುದಿಲ್ಲ. ಬಾಲಸುಬ್ರಹ್ಮಣ್ಯ, ಅಂದರೆ ನಮ್ಮ ಬಾಲಣ್ಣನ ಮಗಳು ಖುಷಿ ಹನ್ನೆರಡನೇ ತರಗತಿಯಲ್ಲಿ ಇದ್ದಾಳೆ. ಬೋರ್ಡ್ ಪರೀಕ್ಷೆ ಮಾರ್ಚ್ ಒಂದಕ್ಕೆ ಶುರುವಾಗಿ ಏಪ್ರಿಲಿನಲ್ಲಿ ಮುಗಿಯುತ್ತದೆ. ಪರೀಕ್ಷಾ ಕೇಂದ್ರ ಮಸ್ಕತ್, ಈಗ ಬದಲಾಯಿಸಲು ಆಗುವುದಿಲ್ಲವೆಂದು ಶಾಲೆಯವರು ಹೇಳಿದ್ದಾರೆ. ಮಗಳ ವೀಸಾ ಅಪ್ಪನ ವೀಸಾಕ್ಕೆ ಕಟ್ಟಿದ ಬಾಲ. ಬಾಲಣ್ಣನ ಕ್ಲಿಯರೆನ್ಸ್ ಫಾರಂ ಪೂರ್ತಿಯಾದ ಮರುದಿನವೇ ವೀಸಾ ರದ್ದಿಗೆ ಕಾಗದ ಹೋಗುತ್ತದೆ, ಆ ಮೇಲೆ ಅಪ್ಪ, ಅಮ್ಮ, ಮಗಳು ಮೂವರೂ ವಿಮಾನ ಹತ್ತಬೇಕು. ಹನ್ನೆರಡು ವರ್ಷ ಓದಿದ ಹುಡುಗಿ ಹನ್ನೆರಡನೇ ಪರೀಕ್ಷೆ ಬರೆಯದೆ ಹೋಗುವುದೆಂದರೆ ಎಂತ ಮಾರಾಯ್ರೆ? "ನಮ್ಮ ಮನೆಯಲ್ಲೇ ಇರಲಿ, ನಮ್ಮ ಜೋಸ್ಟನ್‌ನ ಕೋಣೆ ಖಾಲಿ ಉಂಟಲ್ಲ" ಎಂದು ನನ್ನ ಹೆಂಡತಿ ಗ್ರೆಟ್ಟಾ ಹೇಳಿದಳು. ಕೋಣೆ ನಾವು ಕೊಡಬಹುದು. ವೀಸಾ ಕೊಡುವವರು ನಾವಲ್ಲ.

3. ತೈಲದ ಬೆಲೆ ಬಿದ್ದಂದಿನಿಂದ ನಮ್ಮಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ವಿದಾಯಕೂಟ ನಡೆಯುತ್ತಿರುವುದು ತಮಗೆ ತಿಳಿದೇ ಇದೆ. ಕೆಲಸದಿಂದ ತೆಗೆಯುವ ಪತ್ರವನ್ನು ಟೈಪ್ ಮಾಡುವವನು ನಾನು. ಅದಕ್ಕೆ ಹೊರಹೋಗುವ ನಂಬರು ಹಾಕುವವನು ನಾನು. ಕೂಟದ ದಿನ ಹಾಡು ಹಾಕುವವನೂ ನಾನೇ. ಮೊದಲು ನಾನು ಮದುವೆಗಳಿಗೆ, ಮದುವೆಯ ಹಿಂದಿನ ದಿನದ ರೋಸಿಗೆ, ಮೊಂತಿ ಹಬ್ಬಕ್ಕೆ ಡಿಜೆ ಆಗಿ ಹೋಗುತ್ತಿದ್ದವನು. ಈಗ ಅಲ್ ಅಜೈಬಾದಲ್ಲಿ ಯಾರಾದರೂ ಸಿಕ್ಕಿ "ಪಿಯುಸ್, ನೀನು ಡಿಜೆ ಅಲ್ಲವಾ?" ಎಂದು ಕೇಳಿದರೆ ಅವರ ಹೆಂಡತಿ ಸರಕ್ಕನೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ.

ಕ್ಲಿಯರೆನ್ಸ್ ಫಾರಮಿನಲ್ಲಿ ಹನ್ನೊಂದು ಕಾಲಂಗಳಿದ್ದು, ಹತ್ತರವರೆಗೆ ಸ್ಟೋರು, ಲಾಕರು, ಬ್ಯಾಡ್ಜು, ಗಮ್‌ಬೂಟು ಇತ್ಯಾದಿ. ಹನ್ನೊಂದನೆಯದು "ವಿದಾಯಕೂಟ ನೆರವೇರಿದೆ — ಸಹಿ, ಕಾರ್ಯದರ್ಶಿ, ಮನರಂಜನಾ ಸಮಿತಿ." ಒಳ್ಳೆಯ ಕಾಲದಲ್ಲಿ ಯಾರೋ ಪ್ರೀತಿಯಿಂದ ಸೇರಿಸಿದ ಕಾಲಂ ಇದು. ಯಾರನ್ನೂ ಚಾ ಕೊಡದೆ ಕಳುಹಿಸಬಾರದು ಎಂಬುದು ಉದ್ದೇಶ. ಇದುವರೆಗೆ ಮೂವತ್ತೊಂದು ಸಲ ಸಹಿ ಹಾಕಿದ್ದೇನೆ. ಬಾಲಣ್ಣನದು ಮೂವತ್ತೆರಡನೆಯದು, ಅದು ಖಾಲಿ ಇದೆ.

4. ಮೆಮೋದಲ್ಲಿ "ಅನಧಿಕೃತ ವಿದ್ಯುತ್ ಸಾಮಗ್ರಿ" ಎಂದು ಬರೆದಿರುವುದರಿಂದ ಸಾಮಗ್ರಿಯ ವಿವರ ಕೊಡುವುದು ನನ್ನ ಕರ್ತವ್ಯ.

ಟರ್ನ್‌ಟೇಬಲ್ ಎರಡು. ಎರಡೂ ನನ್ನವು, ಎರಡೂ ತೂಕದಲ್ಲಿ ಅರೆಯುವ ಕಲ್ಲು. ಆಂಪ್ಲಿಫೈಯರ್ ಒಂದು, ಹಳೆಯ ರೇಡಿಯೋದಲ್ಲಿದ್ದ ಹಾಗೆ ಗಾಜಿನ ವಾಲ್ವಿನದು. ಬಾಲಣ್ಣ ಹಮ್ರಿಯಾದ ತನ್ನ ಫ್ಲಾಟಿನಲ್ಲಿ, ಹೆಂಡತಿ ಮಾನಸ ಅವರು ಇಸ್ತ್ರಿ ಮಾಡುವ ಮೇಜನ್ನು ಎಂಟು ತಿಂಗಳು ಆಕ್ರಮಿಸಿ, ಕೈಯಾರೆ ಕಟ್ಟಿದ್ದು. ಸ್ವಿಚ್ ಹಾಕಿದ ಮೇಲೆ ಅದು ಕಾಯಲು ನಲವತ್ತು ನಿಮಿಷ ಬೇಕೆಂದು ಬಾಲಣ್ಣ ಹೇಳುತ್ತಾನೆ. "ಹತ್ತು ನಿಮಿಷ ಸಾಕಲ್ಲವಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅಲ್ರೀ ಪಿಯುಸ್, ಅರ್ಧ ಬೆಂದ ಅನ್ನ ತಿಂತೀರೇನ್ರೀ ನೀವು?" ಎಂದು ಒಂದು ವಾರ ಮಾತು ಬಿಟ್ಟಿದ್ದ. ಮೂರನೆಯದು ಲ್ಯಾಪ್‌ಟಾಪ್ ಮತ್ತು ಹಾಡು ಬೆರೆಸುವ ಮಿಕ್ಸರ್ ಸಮೇತ ಅದರ ಡಬ್ಬಿಗಳು. ಇದು ಖುಷಿಯ ಇಲಾಖೆ.

ಈ ಮೂರನ್ನು ಜೋಡಿಸುವ ಉಪಾಯ ಹೇಗೆಂದರೆ, ಎಡಗಡೆ ಟರ್ನ್‌ಟೇಬಲ್ಲಿನಲ್ಲಿ ನಿಜವಾದ ಹಾಡಿನ ಪ್ಲೇಟು. ಬಲಗಡೆಯದರಲ್ಲಿ ಒಂದು ವಿಶೇಷ ಪ್ಲೇಟು, ಅದರಲ್ಲಿ ಹಾಡೇ ಇಲ್ಲ, ಬರೀ 'ಕೂಂ' ಎಂಬ ಒಂದೇ ಸ್ವರ. ಆ ಸ್ವರವನ್ನು ಲ್ಯಾಪ್‌ಟಾಪ್ ಮಾತ್ರ ಕೇಳಿಸಿಕೊಂಡು, ಪ್ಲೇಟು ತಿರುಗಿದ ಹಾಗೆ ತನ್ನ ಹೊಟ್ಟೆಯಲ್ಲಿರುವ ಹಾಡನ್ನು ತಿರುಗಿಸುತ್ತದೆ. ನಾವು ಕೈಯಲ್ಲಿ ಪ್ಲೇಟು ಹಿಂದೆ ಎಳೆದರೆ ಹಾಡೂ ಹಿಂದೆ. ಎಲ್ಲ ಮಿಕ್ಸರಿಗೆ ಬಂದು, ಅಲ್ಲಿಂದ ವಾಲ್ವಿಗೆ ಹೋಗಿ, ಹದವಾಗಿ ಬೆಂದು ಸ್ಪೀಕರಿಗೆ ಬರುತ್ತದೆ. ಮಿಕ್ಸರಿನಲ್ಲಿ ಒಂದು ಚಿಕ್ಕ ಗುಂಡಿಯಿದೆ. ಅದು 'ಲ್ಯಾಪ್‌ಟಾಪ್' ಕಡೆ ಇರಬೇಕು. 'ಪ್ಲೇಟು' ಕಡೆ ಇದ್ದರೆ ಆ 'ಕೂಂ' ನೇರವಾಗಿ ಸಭೆಗೆ ಕೇಳಿಸುತ್ತದೆ. ಈ ಗುಂಡಿಯನ್ನು ಪ್ರತಿ ಸಲ ಖುಷಿಯೇ ನೋಡಿಕೊಳ್ಳುತ್ತಿದ್ದಳು.

5. ದಿನಾಂಕ 14ರಂದು ಖುಷಿಗೆ ಶಾಲೆಯಲ್ಲಿ ಪ್ರಿ-ಬೋರ್ಡ್ ಪರೀಕ್ಷೆ ಇದ್ದ ಪ್ರಯುಕ್ತ ಅವಳು ಬರಲಿಲ್ಲ. ಆದರೆ ಅಪ್ಪನ ಕೂಟಕ್ಕೆಂದು ಒಂದು ಬೀಟು ಮಾಡಿ ಕಳುಹಿಸಿದ್ದಳು. ಬಾಲಣ್ಣ ಮೈಸೂರಿನಿಂದ ತಂದು ಇಪ್ಪತ್ತು ವರ್ಷ ಜೋಪಾನ ಮಾಡಿದ ಒಂದು ಕ್ಲಾರಿಯೋನೆಟ್ ಪ್ಲೇಟಿದೆ. ಎಡಗಡೆ ಆ ಪ್ಲೇಟು, ಬಲಗಡೆ ಮಗಳ ಬೀಟು, ನಡುವೆ ಅಪ್ಪ ಕಟ್ಟಿದ ವಾಲ್ವು. "ಅಂಕಲ್, ಅಪ್ಪಂಗೆ ಸರ್‌ಪ್ರೈಸ್. ಡೋಂಟ್ ಟೆಲ್ ಹಿಮ್, ಪ್ಲೀಸ್" ಎಂದು ಬುಧವಾರ ಹೇಳಿದ್ದಳು.

ನಾನು ಮಧ್ಯಾಹ್ನ ಒಂದೂವರೆಗೇ ಸ್ವಿಚ್ ಹಾಕಿ ವಾಲ್ವ್ ಕಾಯಿಸಿದೆ. ವಯರುಗಳನ್ನು ನಾನೇ ಚುಚ್ಚಿದೆ. ಎರಡೂಕಾಲಕ್ಕೆ ಬಾಲಣ್ಣನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಶಾಲು ಹೊದೆಸಿ ಹಾರ ಹಾಕಿದ್ದಾಯಿತು. ಅವನ ಬ್ಯಾಡ್ಜು ಹನ್ನೆರಡು ಗಂಟೆಗೇ ರದ್ದಾಗಿದ್ದರಿಂದ ಕೂಟಕ್ಕೆ ಒಳಗೆ ಬರಲು ವಿಸಿಟರ್ ಪಾಸ್ ಮಾಡಿಸಿಕೊಂಡು ಬಂದಿದ್ದ. ಇಪ್ಪತ್ತೆರಡು ವರ್ಷ ದುಡಿದವನು ಹಾರದ ಕೆಳಗೆ ವಿಸಿಟರ್ ಪಾಸ್ ನೇತುಹಾಕಿಕೊಂಡು ಕೂತದ್ದನ್ನೇ ನೋಡುತ್ತ ಮಿಕ್ಸರಿನ ಮುಂದೆ ನಿಂತೆ. ಗುಂಡಿ ನೋಡಲಿಲ್ಲ. ಇದು ಮೆಮೋಗೆ ನನ್ನ ಉತ್ತರ, ಬೇರೆ ಉತ್ತರ ನನ್ನಲ್ಲಿಲ್ಲ.

ಬಲಗಡೆ ಪ್ಲೇಟಿನ ಮೇಲೆ ಮುಳ್ಳು ಇಟ್ಟೆ. 'ಕೂಂ' ಎಂದಿತು.

6. ಮಾನ್ಯರೇ, ಬೇರೆ ಯಾವ ಸಭೆಯಾದರೂ ಜನ ಕಿವಿ ಮುಚ್ಚಿಕೊಂಡು "ಹೇಯ್ ಡಿಜೆ, ಎಂತ ಮಾರಾಯ?" ಎಂದು ಬೊಬ್ಬೆ ಹಾಕುತ್ತಿದ್ದರು. ನಮ್ಮವರು ತೈಲಬಾವಿಯ ಜನ. ಆ ಪ್ಲೇಟಿನ ಕೂಗೂ ನಮ್ಮ ವಿಷಾನಿಲ ಎಚ್ಚರಿಕೆಯ ಕೂಗೂ ಒಂದೇ ತಾಯಿಯ ಮಕ್ಕಳು. ಅದರಲ್ಲೂ ಬಾಲಣ್ಣನ ವಾಲ್ವಿನಿಂದ ಬಂದದ್ದರಿಂದ ಕೂಗು ಬಹಳ ದುಂಡಗೆ, ಸ್ಪಷ್ಟವಾಗಿ, ಸಭೆಯ ಹಾಲಿನ ಕೊನೆಯ ಸಾಲಿನವರೆಗೂ ಕೇಳಿಸಿತು. ಇಪ್ಪತ್ತು ವರ್ಷ ತಿಂಗಳಿಗೊಂದು ಡ್ರಿಲ್ ಮಾಡಿಸಿದ ದೇಹಗಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ, ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದರು, ಹೊರಗೆ ಬಂದು ಗಾಳಿಚೀಲ ಯಾವ ಕಡೆ ಹಾರುತ್ತಿದೆಯೆಂದು ನೋಡಿದರು, ಗಾಳಿಗೆ ಅಡ್ಡವಾಗಿ ಸಾಲಾಗಿ ನಡೆದು ಮೂರನೇ ನಂಬರಿನ ಜಮಾವಣೆ ಸ್ಥಳದಲ್ಲಿ ನಿಂತರು. ಎಲ್ಲರಿಗಿಂತ ಮುಂದೆ ಬಾಲಣ್ಣ, ಶಾಲು ಹಾರ ಸಮೇತ. ತಾವು ಕೇಕ್ ಎತ್ತಿಕೊಂಡು ಬಂದಿರಿ. ಅಪಾಯದ ಸಮಯದಲ್ಲಿ ಯಾವ ವಸ್ತುವನ್ನೂ ಎತ್ತಿಕೊಳ್ಳಬಾರದು ಎಂಬ ನಿಯಮವಿದೆ. ಈ ಕೇಕಿನ ವಿಚಾರವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ನಾನು ಹಿಂದಿನಿಂದ ಓಡಿ ಬಂದು "ಅದು ಪ್ಲೇಟು! ಅದು ಪ್ಲೇಟು!" ಎಂದು ಕೂಗಿದೆ. ಯಾರೂ ನಂಬಲಿಲ್ಲ. ಅಪಾಯವಿಲ್ಲ ಎಂದು ಹೇಳುವ ಅಧಿಕಾರ ಸುರಕ್ಷಾ ಅಧಿಕಾರಿ ಹಿಲಾಲ್ ಅವರಿಗೆ ಮಾತ್ರ ಇರುವುದು, ಅದೂ ತಲೆ ಎಣಿಸಿ ಲೆಕ್ಕ ಹೊಂದಿದ ಮೇಲೆ. ಹಿಲಾಲ್ ಎಣಿಸಿದರು. ಪಟ್ಟಿಯಲ್ಲಿ ನಲವತ್ತೆರಡು, ನಿಂತವರು ನಲವತ್ತಮೂರು. ಮತ್ತೆ ಎಣಿಸಿದರು. ನಲವತ್ತಮೂರು. ವಿಸಿಟರ್ ಪುಸ್ತಕ ತರಿಸೋಣವೆಂದರೆ ಅದು ಗೇಟಿನ ಕೋಣೆಯಲ್ಲಿ, ಗೇಟಿನವನು ನಮ್ಮ ಜೊತೆ ಸಾಲಿನಲ್ಲಿ.

"ಏಕ್ ಆದ್ಮೀ ಝ್ಯಾದಾ ಹೈ," ಎಂದರು ಹಿಲಾಲ್. "ಖಲಾಸ್ ನಹೀ. ಕೋಯಿ ನಹೀ ಜಾಯೇಗಾ." ಮುಗಿದಿಲ್ಲ, ಯಾರೂ ಹೋಗುವಂತಿಲ್ಲ ಎಂದರ್ಥ.

"ನಾನೇ ಹೆಚ್ಚಿನವನು. ನಾನು ಗೇಟಿನಿಂದ ಆಚೆ ಹೋಗಿಬಿಟ್ರೆ ನಿಮ್ಮ ಲೆಕ್ಕ ಸರಿಹೋಗತ್ತೆ ಬಿಡಿ," ಎಂದ ಬಾಲಣ್ಣ. ಒಂದು ಹೆಜ್ಜೆ ಮುಂದಿಟ್ಟು, ಏನೋ ನೆನಪಾದವನಂತೆ ತಾನೇ ನಿಂತ. "ಊಹೂಂ. ಹಾಗೆ ಹೋಗಕ್ಕೆ ಬರಲ್ಲ ಕಣ್ರೀ. ಲೆಕ್ಕ ಹೊಂದೋವರೆಗೂ ಯಾರೂ ಜಾಗ ಬಿಡಬಾರದು. ಆ ರೂಲು ಬರೆದಿದ್ದೇ ನಾನು."

ಹೌದು, 2009ರಲ್ಲಿ ಬರೆದದ್ದು ಅವನೇ, ಟೈಪ್ ಮಾಡಿದ್ದು ನಾನೇ. ಹೀಗಾಗಿ ನಲವತ್ತಮೂರು ಜನ, ಒಂದು ಕೇಕ್, ಐವತ್ತು ನಿಮಿಷ ಬಿಸಿಲಿನಲ್ಲಿ ನಿಂತೆವು. ಕೇಕಿನ ಮೇಲಿನ 'ಗುಡ್‌ಬೈ' ಕರಗಿ ತಮ್ಮ ಅಂಗಿಯ ತೋಳಿಗೆ ಇಳಿಯಿತು. ಕೊನೆಗೆ ತಾವೇ "ಯಲ್ಲಾ, ಸಾಕು ಮಾರಾಯ್ರೆ!" ಎಂದು ಹಿಲಾಲ್ ಅವರ ಕೈಯಿಂದ ಪಟ್ಟಿ ಕಸಿದು, ಪೆನ್ನಿನಲ್ಲಿ "43. ಬಾಲಸುಬ್ರಹ್ಮಣ್ಯ, ಸಿಬ್ಬಂದಿ" ಎಂದು ಬರೆದು, ಸಹಿ ಹಾಕಿ, ಜೇಬಿನಲ್ಲಿದ್ದ ಎಚ್.ಆರ್. ಮೊಹರು ಒತ್ತಿದಿರಿ. ಸಮಯ ಮೂರು ಗಂಟೆ ಇಪ್ಪತ್ತು ನಿಮಿಷ. ಲೆಕ್ಕ ಹೊಂದಿತು. ಹಿಲಾಲ್ ಸೀಟಿ ಊದಿದರು. ಅಷ್ಟರಲ್ಲಿ ಕಂಪೆನಿ ಬಸ್ಸು ಬಂದು ನಿಂತಿದ್ದರಿಂದ ಎಲ್ಲರೂ ಹಾಗೆಯೇ ಬಸ್ಸು ಹತ್ತಿದರು. ಹಾಲಿಗೆ ಯಾರೂ ಹಿಂತಿರುಗಲಿಲ್ಲ. ಹಾಡು ಆಗಲಿಲ್ಲ, ಭಾಷಣ ಆಗಲಿಲ್ಲ, ಕೇಕ್ ಕತ್ತರಿಸಲಿಲ್ಲ, ಅದನ್ನು ಕತ್ತರಿಸುವ ಸ್ಥಿತಿಯೂ ಇರಲಿಲ್ಲ.

7. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ನಾನೂ ಗ್ರೆಟ್ಟಾಳೂ, ಆಂಪ್ಲಿಫೈಯರನ್ನು ಹಿಂದಕ್ಕೆ ಕೊಡಲು ಹಮ್ರಿಯಾಕ್ಕೆ ಹೋದೆವು. ಮಾನಸ ಅವರು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಖುಷಿ ಒಂದು ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಫಿಸಿಕ್ಸ್ ಓದುತ್ತಿದ್ದಳು. ಸಂಜೆಗೆ ಆ ಪೆಟ್ಟಿಗೆಯನ್ನೂ ಕಟ್ಟುವವರಿದ್ದರು.

"ಅಂಕಲ್, ನನ್ನ ಟ್ರ್ಯಾಕ್ ಹಾಕಿದ್ರಾ?" ಎಂದು ಕೇಳಿದಳು.

"ಹಾಕಿದೆ ಮಗಾ," ಎಂದೆ. ಮುಳ್ಳು ಇಟ್ಟದ್ದು ಹೌದಲ್ಲ.

"ರಿಯಲಿ? ಹೌ ವಾಸ್ ಇಟ್?"

"ಎಲ್ಲರೂ ಎದ್ದು ನಿಂತರು."

"ಅಪ್ಪ? ಅಪ್ಪ ಎದ್ರಾ? ಅಪ್ಪ ಡ್ಯಾನ್ಸ್ ಮಾಡೋದೇ ಇಲ್ಲ, ಅಂಕಲ್!"

"ಎಲ್ಲರಿಗಿಂತ ಮುಂದೆ ನಿನ್ನ ಅಪ್ಪನೇ ಇದ್ದದ್ದು," ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ತಾವು ಕಣ್ಣಾರೆ ಕಂಡಿದ್ದೀರಿ.

ಅವಳು ಪುಸ್ತಕ ಮುಚ್ಚಿ ನಕ್ಕಳು. ಬಾಲಣ್ಣ ಕಿಟಕಿಯ ಕಡೆ ತಿರುಗಿಕೊಂಡ. ನಾನು ಹೊರಡುವಾಗ ಮೆಟ್ಟಿಲವರೆಗೆ ಬಂದು, "ಆಂಪ್ಲಿಫೈಯರ್ ನೀವೇ ಇಟ್ಕೊಳ್ಳಿ ಪಿಯುಸ್. ಕಾಯ್ಸೋದು ಮಾತ್ರ ನಲವತ್ತು ನಿಮಿಷ," ಎಂದ. "ಉಮ್ಮರ್ ಹತ್ರ ಒಂದು ಮಾತು ಕೇಳಲಾ ಬಾಲಣ್ಣ?" ಎಂದೆ. "ಬೇಡಿ. ಪಾಪ, ಅವರ ಕುತ್ತಿಗೆಗೂ ಹಗ್ಗ ಇದೆ. ನನ್ನ ಹೆಸರಲ್ಲಿ ಯಾರ ಹತ್ರಾನೂ ಕೈ ಚಾಚಬೇಡಿ," ಎಂದ. ಕಾರಿನಲ್ಲಿ ಕೂತ ಮೇಲೆ ನಾನು ಅತ್ತುಬಿಟ್ಟೆ, ಮಾನ್ಯರೇ. ಗ್ರೆಟ್ಟಾ ಕಾರು ಓಡಿಸಿದಳು.

ಆದ್ದರಿಂದ ಈ ಅರ್ಜಿ ಬಾಲಣ್ಣನ ಹೆಸರಿನಲ್ಲಿ ಅಲ್ಲ, ನನ್ನ ಹೆಸರಿನಲ್ಲಿದೆ ಎಂಬುದನ್ನು ಗಮನಿಸಬೇಕು.

8. ಈಗ ಕಾನೂನಿನ ಮಾತು. ದಿನಾಂಕ 14ರ ಅಪರಾಹ್ನ 3:20ರ ಪಟ್ಟಿಯಲ್ಲಿ ಬಾಲಸುಬ್ರಹ್ಮಣ್ಯ ಇವರು "ಸಿಬ್ಬಂದಿ" ಎಂದು ತಮ್ಮ ಸ್ವಹಸ್ತದಲ್ಲಿದೆ, ಮೊಹರಿದೆ. ಅವರ ಸೇವೆ ಅಂದು ಮಧ್ಯಾಹ್ನ ಹನ್ನೆರಡಕ್ಕೆ ಕೊನೆಗೊಂಡಿತೆಂದು ನಾನು ಟೈಪ್ ಮಾಡಿದ ಪತ್ರದಲ್ಲಿದೆ. ಎರಡೂ ಏಕಕಾಲಕ್ಕೆ ಸತ್ಯವಾಗಲು ಸಾಧ್ಯವಿಲ್ಲ. ಪಟ್ಟಿ ಸತ್ಯವಾದರೆ ಬಾಲಣ್ಣ ಇನ್ನೂ ನೌಕರ. ಪತ್ರ ಸತ್ಯವಾದರೆ, ಸುರಕ್ಷಾ ದಾಖಲೆಯಲ್ಲಿ ಸುಳ್ಳು ಬರೆದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಇದು ಬೆದರಿಕೆಯಲ್ಲ. ತಮ್ಮ ಕೈಬರಹ ಬಹಳ ಅಂದವಾಗಿದೆ, ಎಲ್ಲರಿಗೂ ಓದಲು ಬರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

9. ಕಾಲಂ ಹನ್ನೊಂದಕ್ಕೆ ನಾನು ಸಹಿ ಹಾಕುವಂತಿಲ್ಲ. ಕೂಟ ನೆರವೇರಿಲ್ಲ. ಕೂಟ ನೆರವೇರಬೇಕಾದರೆ ಕೊನೆಯ ಹಾಡು ಆಗಬೇಕು. ಕೊನೆಯ ಹಾಡಿಗೆ ಕ್ಲಾರಿಯೋನೆಟ್ ಪ್ಲೇಟು, ಲ್ಯಾಪ್‌ಟಾಪ್, ವಾಲ್ವ್ ಮೂರೂ ಬೇಕು. ಮಿಕ್ಸರಿನ ಗುಂಡಿ ನೋಡಲು ಖುಷಿಯೇ ಬೇಕೆಂಬುದು ಮೇಲ್ಕಂಡ ಅನಾಹುತದಿಂದ ಸಾಬೀತಾಗಿದೆ, ಅವಳಿಗೆ ಏಪ್ರಿಲ್‌ವರೆಗೆ ಬಿಡುವಿಲ್ಲ. ಇನ್ನು ಆಂಪ್ಲಿಫೈಯರಿನಲ್ಲಿ ನಾಲ್ಕು ವಾಲ್ವ್‌ಗಳಿದ್ದು, ಶುಕ್ರವಾರದಿಂದ ಒಂದು ಅದರ ಸ್ಥಾನದಲ್ಲಿಲ್ಲ. ಮೂರು ವಾಲ್ವಿನಲ್ಲಿ ಅದು ಹಾಡುವುದಿಲ್ಲ. ಬೇರೆ ಡಿಜೆಯನ್ನು ಕರೆಸುವುದು ವೆಚ್ಚ ಕಡಿತದ ಸುತ್ತೋಲೆಗೆ ವಿರುದ್ಧ.

10. ಇಷ್ಟಾದ ಮೇಲೂ ಮೇಲಿನವರು "ಪಟ್ಟಿಯಲ್ಲಿ ನಲವತ್ತೆರಡೇ ಇರಬೇಕು" ಎಂದು ಹಟ ಹಿಡಿದರೆ, ಅದಕ್ಕೂ ದಾರಿಯಿದೆ. ಕ್ರಮಾಂಕ 17ನ್ನು ತೆಗೆದುಬಿಡಿ. ಕ್ರಮಾಂಕ 17 ಪಿಯುಸ್ ಮಥಾಯಸ್, ಅಂದರೆ ನಾನು. ಗ್ರೆಟ್ಟಾ ಕ್ಲಿನಿಕ್ಕಿನಲ್ಲಿ ಕೆಲಸದಲ್ಲಿದ್ದಾಳೆ, ನನ್ನ ಮಗ ಜೋಸ್ಟನ್ ಓದು ಮುಗಿಸಿ ಊರಿನಲ್ಲಿದ್ದಾನೆ. ನಮ್ಮ ಮನೆಯಲ್ಲಿ ಯಾರಿಗೂ ಪರೀಕ್ಷೆಯಿಲ್ಲ. ಮೆಮೋ ಹೇಗೂ ನನ್ನ ಹೆಸರಿಗೇ ಬಂದಿದೆ, ಕಾರಣ ಹುಡುಕುವ ಕೆಲಸವೂ ತಮಗೆ ಉಳಿಯುತ್ತದೆ. ಪತ್ರವನ್ನು ನಾನೇ ಟೈಪ್ ಮಾಡಿ ಇಟ್ಟಿದ್ದೇನೆ, ದಿನಾಂಕ ಮಾತ್ರ ಖಾಲಿ. ಇದನ್ನು ತಮಾಷೆಗೆ ಬರೆದಿಲ್ಲ.

ಆದರೆ ಒಂದು ತಾಂತ್ರಿಕ ತೊಡಕನ್ನು ಮೊದಲೇ ತಿಳಿಸುವುದು ಒಳ್ಳೆಯದು. ನನ್ನನ್ನು ತೆಗೆದರೆ ನನಗೂ ವಿದಾಯಕೂಟ ಆಗಬೇಕು. ಹಾರ ಹಾಕಿಸಿಕೊಂಡವನು ಕುರ್ಚಿ ಬಿಟ್ಟು ಏಳಬಾರದಾದ್ದರಿಂದ ನಾನು ಹಾಡು ಹಾಕುವಂತಿಲ್ಲ. ಹಾಕಬಲ್ಲವಳು ಖುಷಿ ಒಬ್ಬಳೇ, ಅವಳಿಗೆ ಏಪ್ರಿಲ್‌ವರೆಗೆ ಪರೀಕ್ಷೆ. ಅಲ್ಲಿಯವರೆಗೆ ನನ್ನ ಫಾರಮಿನ ಹನ್ನೊಂದನೇ ಕಾಲಮಿಗೆ ಸಹಿ ಹಾಕಬೇಕಾದವನೂ ನಾನೇ, ನಾನು ಹಾಕುವುದಿಲ್ಲ.

ಆದ್ದರಿಂದ ಮಾನ್ಯರು ದಯವಿಟ್ಟು,

ಅ) ಶ್ರೀ ಬಾಲಸುಬ್ರಹ್ಮಣ್ಯ ಇವರ ಕ್ಲಿಯರೆನ್ಸ್ ಫಾರಮನ್ನು "ಕಾಲಂ 11 ಬಾಕಿ" ಎಂಬ ಷರಾದೊಂದಿಗೆ ಬಾಕಿ ಕಡತಗಳ ಟ್ರೇಯಲ್ಲಿ, ಎಲ್ಲಕ್ಕಿಂತ ಕೆಳಗೆ ಇಡಬೇಕೆಂದೂ,

ಆ) ಖುಷಿಯ ಕೊನೆಯ ಪರೀಕ್ಷೆಯ ಮರುದಿನ ಅಪರಾಹ್ನ ಎರಡೂಕಾಲಕ್ಕೆ ಸದರಿ ವಿದಾಯಕೂಟವನ್ನು ಪುನಃ ಮೊದಲಿನಿಂದ ನಡೆಸಲು ಅಪ್ಪಣೆ ಕೊಡಬೇಕೆಂದೂ, ವಾಲ್ವ್ ಕಾಯಿಸಲು ಹಾಲಿನ ಬೀಗದ ಕೈಯನ್ನು ನಲವತ್ತು ನಿಮಿಷ ಮುಂಚಿತವಾಗಿ ಕೊಡಬೇಕೆಂದೂ,

ಇ) ಆ ದಿನ ಬಾಲಣ್ಣನಿಗೆ ವಿಸಿಟರ್ ಪಾಸ್ ಮಾಡಿಸಬಾರದೆಂದೂ

ಕೈಮುಗಿದು ಕೇಳಿಕೊಳ್ಳುತ್ತೇನೆ. ನನ್ನ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬ ಪ್ರಶ್ನೆಗೆ, ಧಾರಾಳವಾಗಿ ಜರುಗಿಸಬಹುದು, ಏಪ್ರಿಲಿನ ನಂತರ ಎಂದು ಉತ್ತರಿಸುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಕೇಕಿನ ಬಗ್ಗೆ ಇದುವರೆಗೆ ಬಾಯಿಬಿಡದ ಸಾಕ್ಷಿ,

ಪಿಯುಸ್ ಮಥಾಯಸ್
(ಕ್ರಮಾಂಕ 17)

ಲಗತ್ತುಗಳು:
1. ಮೆಮೋದ ಪ್ರತಿ.
2. ಜಮಾವಣೆ ಸ್ಥಳದ ಪಟ್ಟಿಯ ಪ್ರತಿ, ಕ್ರಮಾಂಕ 43 ಪೆನ್ನಿನಲ್ಲಿ. ಮೂಲಪ್ರತಿ ಗ್ರೆಟ್ಟಾಳ ಬೈಬಲಿನ ಒಳಗೆ ಭದ್ರವಾಗಿದೆ.
3. ನನ್ನನ್ನು ಕೆಲಸದಿಂದ ತೆಗೆಯುವ ಪತ್ರ, ದಿನಾಂಕವಿಲ್ಲದ್ದು.
4. ವಾಲ್ವ್, ಒಂದು, ಕರವಸ್ತ್ರದಲ್ಲಿ ಸುತ್ತಿದ್ದು. ಸುಸ್ಥಿತಿಯಲ್ಲಿದೆ. "ವಾಲ್ವ್ ನಿನ್ನಲ್ಲಿದೆಯೇ?" ಎಂದು ಯಾರಾದರೂ ಕೇಳಿದರೆ "ಇಲ್ಲ" ಎಂದು ನಾನು ಸತ್ಯವನ್ನೇ ಹೇಳಬೇಕಾಗಿರುವುದರಿಂದ, ಪರೀಕ್ಷೆ ಮುಗಿಯುವವರೆಗೆ ಇದನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು.
5. ಹನ್ನೆರಡನೇ ತರಗತಿಯ ಪರೀಕ್ಷಾ ವೇಳಾಪಟ್ಟಿ. ಈ ಅರ್ಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ವಿ.ಸೂ.: ಲಗತ್ತು 4 ಗಾಜಿನದು. ಫೈಲಿಗೆ ಹಾಕುವಾಗ ದಯವಿಟ್ಟು ಪಂಚ್ ಮಾಡಬಾರದು.